ಕಾಡನ್ನು ಮನೆಮನೆಗೆ ತಂದ ಮಾತುಗಾರ

ಮೈಲುತುತ್ತದ ದರ, ಕಾಳುಮೆಣಸಿನ ಸೊರಗು ರೋಗ, ಅಡಿಕೆಯ ಕೊಳೆಗೆ ಔಷಧಿ ಹೊಡೆಯುವ ಹೊತ್ತು ಮುಂತಾದ ವಿಷಯಗಳ ನಡುವೆ ಇಂಗ್ಲೆಂಡಿನ ಒಬ್ಬ ಟೆಲಿವಿಷನ್ ನಿರೂಪಕರ ಜೀವನಕಥೆ ಏಕೆ ಬಂತು ಎಂದು ನಮ್ಮ ಸದಸ್ಯ ಬಾಂಧವರು ಕೇಳಬಹುದು. ಕಾರಣವಿದೆ. 2020ರ ಜನವರಿಯಲ್ಲಿ ‘ವೈಲ್ಡ್ ಕರ್ನಾಟಕ’ ಎಂಬ ಚಿತ್ರವೊಂದು ನಮ್ಮ ಚಿತ್ರಮಂದಿರಗಳಿಗೆ ಬಂದಿತು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಿರ್ದೇಶಿಸಿದ, ರಾಜ್ಯ ಅರಣ್ಯ ಇಲಾಖೆಯ ಸಹಯೋಗದಲ್ಲಿ ತಯಾರಾದ, ಒಂದು ಗಂಟೆಗೂ ಕಡಿಮೆ ಅವಧಿಯ ಚಿತ್ರ. ನಾವು ದಿನವೂ ಮುಖ ನೋಡುವ ಘಟ್ಟದ ಕಾಡು, ನಮ್ಮ ಹೊಳೆಗಳು, ನಮ್ಮ ಆನೆ, ನಮ್ಮ ಹುಲಿ ಅದರಲ್ಲಿವೆ. ಇಂಗ್ಲಿಷಿನಲ್ಲಿ ಅದಕ್ಕೆ ದನಿ ಕೊಟ್ಟವರು ಸರ್ ಡೇವಿಡ್ ಅಟೆನ್‌ಬರೊ. 2021ರ ಮಾರ್ಚ್‌ನಲ್ಲಿ ಪ್ರಕಟವಾದ 67ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ, ಕಥಾಚಿತ್ರಗಳಲ್ಲದ ವಿಭಾಗದ ಅತ್ಯುತ್ತಮ ನಿರೂಪಣೆಯ ಪ್ರಶಸ್ತಿ ಅವರ ಪಾಲಿಗೆ ಬಂತು. ಆಗ ಅವರಿಗೆ 94 ವರ್ಷ. ಕರ್ನಾಟಕದ ಕಾಡಿನ ಕಥೆ ಹೇಳಿದ್ದಕ್ಕೆ ಭಾರತ ಸರ್ಕಾರದ ಪ್ರಶಸ್ತಿ ಪಡೆದ ಈ ಆಂಗ್ಲರು ಯಾರು, ಆ ಮಾತಿನ ವಿದ್ಯೆ ಅವರಿಗೆ ಎಲ್ಲಿಂದ ಬಂತು ಎಂದು ತಿಳಿಯುವ ಕುತೂಹಲ ನಮಗೂ ಹುಟ್ಟಿತು.

ಇಂಗ್ಲಿಷ್ ಬಾರದವರೂ ಒಮ್ಮೆ ಕೇಳಿದರೆ ಮರೆಯದ ದನಿ ಅದು. ಮನೆಯ ಹಿರಿಯರು ಜಗಲಿಯಲ್ಲಿ ಕುಳಿತು, ಒಳಗೆ ಮಗು ಮಲಗಿದೆಯೆಂದು ಮೆಲ್ಲಗೆ ಮಾತನಾಡಿದ ಹಾಗೆ.

ಅಟೆನ್‌ಬರೊ ಹುಟ್ಟಿದ್ದು 1926ರ ಮೇ 8ರಂದು, ಲಂಡನ್ನಿನ ಪಶ್ಚಿಮದ ಅಂಚಿನಲ್ಲಿ. ಬೆಳೆದದ್ದು ಲೆಸ್ಟರ್ ಪಟ್ಟಣದಲ್ಲಿ. ತಂದೆ ಅಲ್ಲಿನ ಯೂನಿವರ್ಸಿಟಿ ಕಾಲೇಜಿನ ಪ್ರಾಂಶುಪಾಲರು. ಮನೆಯಿದ್ದುದು ಕಾಲೇಜಿನ ಆವರಣದಲ್ಲಿಯೇ. ಮೂವರು ಗಂಡುಮಕ್ಕಳಲ್ಲಿ ಡೇವಿಡ್ ನಡುವಿನವರು. ಹಿರಿಯಣ್ಣ ರಿಚರ್ಡ್ ಅವರ ಹೆಸರು ನಮ್ಮವರಿಗೆ ಹೊಸತಲ್ಲ. 1982ರಲ್ಲಿ ‘ಗಾಂಧಿ’ ಚಿತ್ರವನ್ನು ತೆಗೆದು, ಮರುವರ್ಷ ಅದಕ್ಕೆ ಎಂಟು ಆಸ್ಕರ್ ಪ್ರಶಸ್ತಿಗಳನ್ನು ತಂದುಕೊಂಡವರು ಅವರೇ.

ಡೇವಿಡ್ ಅವರಿಗೆ ಚಿಕ್ಕಂದಿನಿಂದ ಕಲ್ಲಿನೊಳಗಿನ ಪಳೆಯುಳಿಕೆಗಳನ್ನು ಕೂಡಿಡುವ ಹುಚ್ಚು. ಸುಣ್ಣಕಲ್ಲನ್ನು ಒಡೆದಾಗ, ಕೋಟಿ ಕೋಟಿ ವರ್ಷಗಳಿಂದ ಯಾರೂ ಕಾಣದ ಶಂಖದಂಥ ಜೀವಿಯ ಗುರುತು ಒಳಗಿಂದ ಹೊರಬರುತ್ತದಲ್ಲ, ಆ ಬೆರಗು ಅವರನ್ನು ಕೊನೆಗೂ ಬಿಡಲಿಲ್ಲ. ಅವರ ಬಾಲ್ಯದ ಇನ್ನೊಂದು ಪ್ರಸಂಗ ನಮ್ಮ ಬೆಳೆಗಾರರಿಗೆ ಹಿಡಿಸೀತು. ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ‘ನ್ಯೂಟ್’ಗಳು ಬೇಕಾಗಿವೆ ಎಂಬ ಸುದ್ದಿ ಬಾಲಕನ ಕಿವಿಗೆ ಬಿತ್ತು. ನ್ಯೂಟ್ ಎಂದರೆ ನೋಡಲು ಹಲ್ಲಿಯಂತಿದ್ದು, ಕುಲದಲ್ಲಿ ಕಪ್ಪೆಗೆ ಹತ್ತಿರವಾದ ನೀರಿನ ಜೀವಿ. ಒಂದಕ್ಕೆ ಮೂರು ಪೆನ್ನಿಯಂತೆ ತಂದುಕೊಡುತ್ತೇನೆಂದು ತಂದೆಯ ಮೂಲಕ ಹೇಳಿಕಳುಹಿಸಿ ವ್ಯಾಪಾರ ಕುದುರಿಸಿಯೇಬಿಟ್ಟ. ಮಾಲು ಬರುತ್ತಿದ್ದುದು ಎಲ್ಲಿಂದ ಎಂಬುದನ್ನು ಮಾತ್ರ ಆಗ ಬಾಯಿ ಬಿಡಲಿಲ್ಲ. ಅದು ಅದೇ ವಿಭಾಗದ ಕಟ್ಟಡಕ್ಕೆ ಐದು ಮೀಟರು ದೂರವೂ ಇಲ್ಲದ ಒಂದು ಕೊಳ! ಕೊಳ್ಳುವವನ ಹಿತ್ತಿಲಿನ ಮಾಲನ್ನೇ ಅವನಿಗೆ ಮಾರುವ ಈ ಜಾಣ್ಮೆಯನ್ನು ನಾವು ಮಂಡಿಗಳಲ್ಲಿ ಮಾತ್ರ ಕಂಡಿದ್ದೆವು.

ಕೇಂಬ್ರಿಜ್‌ನ ಕ್ಲೇರ್ ಕಾಲೇಜಿನಲ್ಲಿ ಭೂವಿಜ್ಞಾನ, ಪ್ರಾಣಿಶಾಸ್ತ್ರಗಳನ್ನು ಓದಿದರು. 1947ರಿಂದ ಎರಡು ವರ್ಷ ನೌಕಾಪಡೆಯಲ್ಲಿ ಕಡ್ಡಾಯ ಸೇವೆ. ದೂರದ ದೇಶಗಳನ್ನು ಕಾಣುವ ಆಸೆಯಿಂದ ಹೋದವರಿಗೆ ಸಿಕ್ಕಿದ್ದು ವೇಲ್ಸ್ ಮತ್ತು ಸ್ಕಾಟ್ಲೆಂಡಿನ ದಡ. ಬಳಿಕ ಒಂದು ಪ್ರಕಾಶನ ಸಂಸ್ಥೆಯಲ್ಲಿ ಮಕ್ಕಳ ವಿಜ್ಞಾನ ಪಠ್ಯಗಳನ್ನು ತಿದ್ದುವ ಕೆಲಸ. ಅದು ಬೇಗ ಬೇಸರ ತಂದಿತು. 1950ರಲ್ಲಿ ಬಿ.ಬಿ.ಸಿ. ರೇಡಿಯೋದಲ್ಲಿ ಭಾಷಣ ಕಾರ್ಯಕ್ರಮಗಳ ನಿರ್ಮಾಪಕರ ಹುದ್ದೆಗೆ ಅರ್ಜಿ ಹಾಕಿದರು. ಅದು ತಿರಸ್ಕೃತವಾಯಿತು.

ಆದರೆ ಆ ಅರ್ಜಿ ಕಸದ ಬುಟ್ಟಿಗೆ ಬೀಳದೆ, ಆಗಿನ್ನೂ ಎಳೆಯದಾಗಿದ್ದ ಟೆಲಿವಿಷನ್ ವಿಭಾಗದ ಮೇರಿ ಆಡಮ್ಸ್ ಎಂಬ ಅಧಿಕಾರಿಯ ಮೇಜಿಗೆ ಹೋಯಿತು. ಮೂರು ತಿಂಗಳ ತರಬೇತಿಗೆ ಬನ್ನಿ ಎಂದು ಅವರು ಕರೆದರು. ಆ ಹೊತ್ತಿಗೆ ಅಟೆನ್‌ಬರೊ ಅವರ ಮನೆಯಲ್ಲಿ ಟೆಲಿವಿಷನ್ ಇರಲಿಲ್ಲ. ಜೀವಮಾನದಲ್ಲಿ ನೋಡಿದ್ದುದೇ ಒಂದು ಕಾರ್ಯಕ್ರಮ. 1952ರಲ್ಲಿ ಕೆಲಸ ಕಾಯಂ ಆಯಿತು. ಆದರೂ ಕ್ಯಾಮೆರಾದ ಮುಂದೆ ನಿಲ್ಲುವ ಅವಕಾಶ ಸಿಗಲಿಲ್ಲ. ಹಲ್ಲುಗಳು ದೊಡ್ಡವು, ಪರದೆಯ ಮೇಲೆ ಚೆನ್ನಾಗಿ ಕಾಣುವುದಿಲ್ಲ ಎಂಬುದು ಮೇರಿ ಆಡಮ್ಸ್ ಅವರ ತೀರ್ಮಾನ.

ಹೀಗೆ ತೆರೆಯ ಹಿಂದೆ ಇದ್ದವರನ್ನು ಮುಂದಕ್ಕೆ ತಂದದ್ದು ಬೇರೊಬ್ಬರ ಕಾಯಿಲೆ. ಲಂಡನ್ ಮೃಗಾಲಯದ ಸರೀಸೃಪ ವಿಭಾಗದ ಮುಖ್ಯಸ್ಥ ಜಾಕ್ ಲೆಸ್ಟರ್ ಅವರೊಡನೆ ಸೇರಿ ಅಟೆನ್‌ಬರೊ ಒಂದು ಯೋಜನೆ ಹಾಕಿದರು. ಮೃಗಾಲಯದವರು ಪ್ರಾಣಿಗಳನ್ನು ಹಿಡಿಯಲು ಆಫ್ರಿಕಾಕ್ಕೆ ಹೋಗುವುದು, ಬಿ.ಬಿ.ಸಿ.ಯವರು ಜೊತೆಗೆ ಹೋಗಿ ಅದನ್ನು ಚಿತ್ರೀಕರಿಸುವುದು, ಮರಳಿದ ಮೇಲೆ ಲೆಸ್ಟರ್ ಸ್ಟುಡಿಯೋದಲ್ಲಿ ಪ್ರಾಣಿಗಳನ್ನು ತೋರಿಸಿ ಮಾತನಾಡುವುದು. ಸಿಯೆರಾ ಲಿಯೋನ್ ದೇಶಕ್ಕೆ ಹೋಗಿ ಬಂದರು. 1954ರ ಡಿಸೆಂಬರಿನಲ್ಲಿ ‘ಜೂ ಕ್ವೆಸ್ಟ್’ ಎಂಬ ಹೆಸರಿನಿಂದ ಪ್ರಸಾರ ಆರಂಭವಾಯಿತು. ಅಷ್ಟರಲ್ಲಿ ಲೆಸ್ಟರ್ ಹಾಸಿಗೆ ಹಿಡಿದರು. ಕೊನೆಯ ಗಳಿಗೆಯಲ್ಲಿ ಬೇರೆ ಯಾರೂ ಇಲ್ಲದೆ, ದೊಡ್ಡ ಹಲ್ಲಿನ ನಿರ್ಮಾಪಕರೇ ಕ್ಯಾಮೆರಾದ ಮುಂದೆ ನಿಂತರು. ಲೆಸ್ಟರ್ 1956ರಲ್ಲಿ ತೀರಿಕೊಂಡರು. ಆಫ್ರಿಕಾದಲ್ಲಿ ಅವರು ಹುಡುಕಿ ಹೊರಟಿದ್ದ ಬೋಳುತಲೆಯ ಅಪರೂಪದ ಹಕ್ಕಿ ಸಿಕ್ಕಿತೋ ಇಲ್ಲವೋ ಎಂದು ಲಂಡನ್ನಿನ ಬೀದಿಯಲ್ಲಿ ವಾಹನ ಚಾಲಕನೊಬ್ಬ ಕೂಗಿ ಕೇಳಿದನಂತೆ. ಜನ ನೋಡುತ್ತಿದ್ದಾರೆ ಎಂಬುದು ಅಂದು ತಮಗೆ ಖಾತ್ರಿಯಾಯಿತೆಂದು ಅಟೆನ್‌ಬರೊ ಹೇಳಿಕೊಂಡಿದ್ದಾರೆ.

ಕಾಡಿನ ಪ್ರಾಣಿಗಳನ್ನು ಬಲೆ ಹಾಕಿ ಹಿಡಿದು ಪಂಜರದಲ್ಲಿ ತರುವುದು ಇಂದಿನವರಿಗೆ ಒಪ್ಪಿಗೆಯಾಗದು. ಆ ಕಾಲಕ್ಕೆ ಅದು ತಪ್ಪೆಂದು ಯಾರಿಗೂ ತೋರಿರಲಿಲ್ಲ. ಇದನ್ನು ಮರೆಮಾಚದೆ ಹೇಳುವುದೇ ಲೇಸು. ಮುಂದೆ ಕಾಡಿನ ಪರವಾಗಿ ಲೋಕಕ್ಕೆ ಬುದ್ಧಿ ಹೇಳಿದವರ ವೃತ್ತಿ ಆರಂಭವಾದದ್ದು ಬಲೆ, ಪಂಜರಗಳಿಂದಲೇ.

1965ರಲ್ಲಿ ಅವರ ದಾರಿ ಬೇರೆ ಕಡೆಗೆ ತಿರುಗಿತು. ಬಿ.ಬಿ.ಸಿ.ಯ ಎರಡನೆಯ ವಾಹಿನಿಗೆ ಮುಖ್ಯಸ್ಥರಾಗಿ ಬನ್ನಿ ಎಂಬ ಕರೆ ಬಂತು. ಆಗೀಗ ತಾವೇ ಕಾರ್ಯಕ್ರಮ ಮಾಡಲು ಬಿಡಬೇಕೆಂಬ ಷರತ್ತಿನ ಮೇಲೆ ಒಪ್ಪಿಕೊಂಡರು. 1967ರ ಜುಲೈ 1ರಂದು ವಿಂಬಲ್ಡನ್ ಟೆನಿಸ್ ಪಂದ್ಯಗಳಿಂದ ಯೂರೋಪಿನ ಮೊದಲ ವರ್ಣ ಪ್ರಸಾರ ಶುರುವಾದದ್ದು ಅವರ ಕಾಲದಲ್ಲಿ. (ನಮ್ಮಲ್ಲಿ ಬಣ್ಣ ಬಂದದ್ದು 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ವರ್ಷ.) ಕಲೆಯ ಇತಿಹಾಸವನ್ನು ಹೇಳುವ ‘ಸಿವಿಲೈಸೇಷನ್’, ವಿಜ್ಞಾನದ ಇತಿಹಾಸವನ್ನು ಹೇಳುವ ‘ದಿ ಅಸೆಂಟ್ ಆಫ್ ಮ್ಯಾನ್’ ಎಂಬ, ಒಂದೊಂದೂ 13 ಕಂತುಗಳ ಭಾರಿ ಸರಣಿಗಳನ್ನು ಮಾಡಿಸಿದರು. 1969ರಲ್ಲಿ ಎರಡೂ ವಾಹಿನಿಗಳ ಕಾರ್ಯಕ್ರಮ ನಿರ್ದೇಶಕರಾದರು. ಇಡೀ ಸಂಸ್ಥೆಯ ಮಹಾನಿರ್ದೇಶಕರ ಹುದ್ದೆಗೂ ಅವರ ಹೆಸರು ಕೇಳಿಬರತೊಡಗಿತು. ಆಗ ಅಣ್ಣ ರಿಚರ್ಡ್‌ಗೆ ಫೋನು ಮಾಡಿ, ತನಗೆ ಆ ಕುರ್ಚಿಯಲ್ಲಿ ಏನೂ ರುಚಿಯಿಲ್ಲವೆಂದು ತೋಡಿಕೊಂಡರಂತೆ. 1972ರ ಕೊನೆಯ ಹೊತ್ತಿಗೆ ರಾಜೀನಾಮೆ ಕೊಟ್ಟು ಕ್ಯಾಮೆರಾದ ಹಿಂದೆ ಹೊರಟರು. ಸಂಘಗಳ ಚುನಾವಣೆಗಳನ್ನು ಕಂಡಿರುವ ನಮಗೆ, ಕೈಗೆಟುಕುವ ಕುರ್ಚಿಯನ್ನು ಬಿಟ್ಟು ಕಾಡಿಗೆ ನಡೆದವರ ಈ ಸಂಗತಿಯನ್ನು ಎರಡು ಸಲ ಓದಬೇಕಾಯಿತು.

ಬೇರೆಯವರಿಂದ ಮಾಡಿಸಿದ 13 ಕಂತುಗಳ ಅಚ್ಚಿನಲ್ಲೇ ಅವರು ತಮ್ಮದೊಂದನ್ನು ಮಾಡಿದರು. ಭೂಮಿಯ ಮೇಲೆ ಜೀವ ಬೆಳೆದು ಬಂದ ಬಗೆಯನ್ನು ಮೊದಲಿಂದ ಕೊನೆಯವರೆಗೆ ಹೇಳುವ ‘ಲೈಫ್ ಆನ್ ಅರ್ತ್’. 1979ರ ಜನವರಿ 16ರಂದು ಅದರ ಪ್ರಸಾರ ಆರಂಭವಾಯಿತು. ಲೋಕದಾದ್ಯಂತ 50 ಕೋಟಿ ಜನ ಅದನ್ನು ನೋಡಿರಬಹುದೆಂಬ ಅಂದಾಜಿದೆ. ಅದರಲ್ಲಿ ರುವಾಂಡಾ ದೇಶದ ಬೆಟ್ಟಗಾಡಿನಲ್ಲಿ ಗೊರಿಲ್ಲಾಗಳ ನಡುವೆ ತೆಗೆದ ಒಂದು ದೃಶ್ಯವಿದೆ. ಹೆಬ್ಬೆರಳು ಬೇರೆ ಬೆರಳುಗಳಿಗೆ ಎದುರಾಗಿ ಬಾಗುವುದರಿಂದ ಆಗುವ ಪ್ರಯೋಜನವನ್ನು ಗೊರಿಲ್ಲಾಗಳನ್ನು ದೂರದಲ್ಲಿ ತೋರಿಸುತ್ತ ವಿವರಿಸುವುದು ಅವರ ಉದ್ದೇಶ. ಹತ್ತಿರ ಹೋದಾಗ ಗೊರಿಲ್ಲಾಗಳೇ ಅವರ ಬಳಿಗೆ ಬಂದವು. ಮರಿಗಳು ಮೈಮೇಲೆ ಹತ್ತಿ ಆಡಿದವು. ಹೆಬ್ಬೆರಳಿನ ಪಾಠ ಅಲ್ಲಿಗೇ ನಿಂತಿತು. ಅವರು ಮೆಲುದನಿಯಲ್ಲಿ, ಬೇರಾವ ಪ್ರಾಣಿಯ ನೋಟದಲ್ಲೂ ಸಿಗದ ಪರಸ್ಪರ ತಿಳಿವಳಿಕೆ ಗೊರಿಲ್ಲಾದ ನೋಟದಲ್ಲಿದೆ ಎಂಬರ್ಥದ ನಾಲ್ಕು ಮಾತು ಹೇಳಿ ಸುಮ್ಮನಾದರು. ಆ ದೃಶ್ಯ ಅವರ ಹೆಸರಿಗೆ ಅಂಟಿಕೊಂಡೇ ಉಳಿಯಿತು. ಬರೆದುಕೊಂಡು ಹೋದ ಮಾತನ್ನು ಬಿಟ್ಟು ಸುಮ್ಮನಿರಬೇಕಾದ ಹೊತ್ತು ಯಾವುದೆಂದು ತಿಳಿದಿರುವುದೇ ಒಳ್ಳೆಯ ನಿರೂಪಕರ ಲಕ್ಷಣವೆಂದು ನಮಗೆ ತೋರುತ್ತದೆ. ನಮ್ಮ ಸಭೆಗಳಿಗೆ ಬರುವ ಭಾಷಣಕಾರರಲ್ಲಿ ಇದನ್ನು ಬಲ್ಲವರು ಕಡಿಮೆ.

ಮುಂದೆ ಸರಣಿಗಳ ಸಾಲೇ ಬಂತು. ಎಲ್ಲದರ ಪಟ್ಟಿ ಇಲ್ಲಿ ಬೇಡ. ಆದರೆ 1995ರ ‘ದಿ ಪ್ರೈವೇಟ್ ಲೈಫ್ ಆಫ್ ಪ್ಲಾಂಟ್ಸ್’ ಎಂಬ ಆರು ಕಂತುಗಳ ಸರಣಿಯ ವಿಷಯ ಬೆಳೆಗಾರರಿಗೆ ಹೇಳದೆ ಬಿಡುವಂತಿಲ್ಲ. ಹುಲಿ ಓಡುತ್ತದೆ, ಹಕ್ಕಿ ಹಾರುತ್ತದೆ. ಗಿಡ ನಿಂತಲ್ಲೇ ನಿಲ್ಲುತ್ತದೆ. ಅದನ್ನು ಅರ್ಧ ಗಂಟೆ ಯಾರು ನೋಡಿಯಾರು? ಇದಕ್ಕೆ ಅವರು ಹೂಡಿದ ಉಪಾಯ ಗಿಡದ ಕಾಲವನ್ನು ನಮ್ಮ ಕಾಲಕ್ಕೆ ಇಳಿಸುವುದು. ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ, ಉದಾಹರಣೆಗೆ ಗಂಟೆಗೊಂದರಂತೆ ಚಿತ್ರ ತೆಗೆಯುತ್ತಾರೆ ಎನ್ನೋಣ. ಟೆಲಿವಿಷನ್ನಿನಲ್ಲಿ ಒಂದು ಸೆಕೆಂಡಿಗೆ 25 ಚಿತ್ರಗಳು ಓಡುತ್ತವೆ. ಅಂದರೆ ಗಿಡದ ಒಂದು ದಿನ ನಮಗೆ ಒಂದು ಸೆಕೆಂಡು, ಅದರ ಒಂದು ತಿಂಗಳು ನಮಗೆ ಅರ್ಧ ನಿಮಿಷ. ಹೇಳಲು ಸುಲಭ, ಮಾಡಲು ಕಷ್ಟ. ಗಾಳಿಗೆ ಎಲೆ ಅಲುಗಿದರೆ ಚಿತ್ರ ಕುಣಿಯುತ್ತದೆ, ಮೋಡ ಮುಚ್ಚಿದರೆ ಬೆಳಕು ಏರುಪೇರಾಗುತ್ತದೆ, ಗಿಡ ಎತ್ತ ಬೆಳೆಯುತ್ತದೆಂದು ಮೊದಲೇ ಊಹಿಸಿ ಕ್ಯಾಮೆರಾ ಇಡಬೇಕು. ಊಹೆ ತಪ್ಪಿದರೆ ತಿಂಗಳ ಕೆಲಸ ಹಾಳು.

ಹಾಗೆ ತೆಗೆದ ಮುಳ್ಳುಬಳ್ಳಿಯ ದೃಶ್ಯವೊಂದು ಬಹಳ ಪ್ರಸಿದ್ಧ. ಬಳ್ಳಿಯ ಕುಡಿ ಅತ್ತಿತ್ತ ತಡಕಾಡುತ್ತ, ಮುಳ್ಳನ್ನು ಊರಿ ಪಕ್ಕದ ಗಿಡಗಳನ್ನು ತುಳಿದುಕೊಂಡು ದಂಡಿನಂತೆ ಮುನ್ನುಗ್ಗುತ್ತದೆ. ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ, ಒಂದು ಮಳೆಗಾಲ ಕಳೆಯುವುದರೊಳಗೆ ಅದು ಆಳೆತ್ತರ ಹೋದದ್ದನ್ನು ಕಂಡವರು ನಾವು. ಹೋದದ್ದನ್ನು ಕಂಡಿದ್ದೇವೆಯೇ ಹೊರತು, ಹೋಗುವುದನ್ನು ಕಂಡಿಲ್ಲ. ಅದೇ ಸರಣಿಗಾಗಿ ಅವರು ಸುಮಾತ್ರಾ ದ್ವೀಪದ ಕಾಡಿನಲ್ಲಿ ಆಳಿಗಿಂತ ಎತ್ತರದ, ಕೊಳೆತ ಮಾಂಸದ ವಾಸನೆಯ ಹೂಗೊಂಚಲನ್ನೂ ತೋರಿಸಿದರು. ಅದರ ಲ್ಯಾಟಿನ್ ಹೆಸರು ಮನೆಮಂದಿಯ ಮುಂದೆ ಹೇಳಲು ಸಂಕೋಚ ತರುವಂಥದು. ಅದಕ್ಕೆ ಅವರು ‘ಟೈಟನ್ ಏರಮ್’ ಎಂಬ ಹೆಸರು ಬಳಸಿದರು. ಅದೇ ರೂಢಿಗೆ ಬಂತು. ಈ ದೈತ್ಯನು ನಮ್ಮ ಹಿತ್ತಿಲಿನ ಸುವರ್ಣಗೆಡ್ಡೆಯ ಖಾಸಾ ದಾಯಾದಿ, ಒಂದೇ ಕುಲದ್ದು. ಸುವರ್ಣಗೆಡ್ಡೆ ಹೂ ಬಿಟ್ಟಾಗ ಎಲ್ಲೋ ಇಲಿ ಸತ್ತಿದೆಯೆಂದು ಮನೆಯವರು ಹುಡುಕಾಡುವುದು ನಮ್ಮಲ್ಲಿ ಉಂಟಷ್ಟೆ.

ಇನ್ನು ಒಂದು ವಿಷಯ ಸ್ಪಷ್ಟಪಡಿಸಬೇಕು. ತೆರೆಯ ಮೇಲೆ ಕಾಣುವುದನ್ನೆಲ್ಲ ಅಟೆನ್‌ಬರೊ ಅವರೇ ಹುಲ್ಲಿನಲ್ಲಿ ಹೊಂಚು ಕುಳಿತು ತೆಗೆದರೆಂದು ನಂಬುವವರು ಬಹಳ. ಅವರ ಸ್ವಂತ ‘ಲೈಫ್’ ಸರಣಿಗಳಲ್ಲಿ ಬರಹವೂ ಮಾತೂ ಅವರದೇ. ಆದರೆ 2001ರ ‘ದಿ ಬ್ಲೂ ಪ್ಲಾನೆಟ್’, 2006ರ ‘ಪ್ಲಾನೆಟ್ ಅರ್ತ್’ ಮುಂತಾದವುಗಳಲ್ಲಿ ವರ್ಷಗಟ್ಟಲೆ ಚಳಿ, ಮಳೆ, ಸೊಳ್ಳೆಗಳನ್ನು ತಡೆದುಕೊಂಡವರು ಬೇರೆ ಛಾಯಾಗ್ರಾಹಕರು. ಇವರ ಪಾಲು ದನಿ. ‘ವೈಲ್ಡ್ ಕರ್ನಾಟಕ’ವೂ ಹಾಗೆಯೇ. ಕಂಬಳಿ ಹೊದ್ದು ಕಾದವರು ನಮ್ಮ ಹುಡುಗರು.

ಈಗ ನಮ್ಮ ಸದಸ್ಯರ ಮನಸ್ಸಿನಲ್ಲಿರುವ ಮಾತಿಗೆ ಬರೋಣ. ಪರದೆಯ ಮೇಲೆ ಆನೆಯ ಹಿಂಡು ಹೊಳೆ ದಾಟುವುದನ್ನು ಕಂಡು ಪಟ್ಟಣದವರು ಕಣ್ಣರಳಿಸುತ್ತಾರೆ. ಸಕಲೇಶಪುರ, ಆಲೂರು, ಮೂಡಿಗೆರೆ, ಕೊಡಗಿನ ಕಡೆಯ ಬೆಳೆಗಾರರಿಗೆ ಅದೇ ಹಿಂಡು ಹೊಳೆ ದಾಟಿದ ಮೇಲೆ ಎಲ್ಲಿಗೆ ಬರುತ್ತದೆಂಬುದು ಗೊತ್ತು. ಅಜ್ಜ ನೆಟ್ಟ ಅಡಿಕೆ ಮರ ಒಂದು ರಾತ್ರಿಯಲ್ಲಿ ಸೀಳಿಹೋಗುತ್ತದೆ. ಬೆಳಿಗ್ಗೆ ಕಾಫಿ ಕೊಯ್ಯಲು ಆಳುಗಳು ಬರುವುದಿಲ್ಲ. ಮಕ್ಕಳು ಶಾಲೆಗೆ ಹೋದರೆ ಹಿಂದಿರುಗುವವರೆಗೆ ತಾಯಂದಿರಿಗೆ ಸಮಾಧಾನವಿಲ್ಲ. ಮಂಗ, ಹಂದಿ, ಕೆಂದಳಿಲುಗಳ ಲೆಕ್ಕ ಬೇರೆ. ಇಂಥ ಚಿತ್ರಗಳ ಚೌಕಟ್ಟಿನಲ್ಲಿ ಬೇಲಿ ಇರುವುದಿಲ್ಲ, ಬೇಲಿಯ ಈಚೆಗಿನವರು ಇರುವುದಿಲ್ಲ.

ಈ ಆಕ್ಷೇಪ ನಮ್ಮದು ಮಾತ್ರವಲ್ಲ. ಅಟೆನ್‌ಬರೊ ಅವರ ನಾಡಿನಲ್ಲೇ ಜಾರ್ಜ್ ಮಾನ್‌ಬಿಯಟ್ ಎಂಬ ಅಂಕಣಕಾರರು 2018ರಲ್ಲಿ ಕಟುವಾಗಿ ಬರೆದರು: ಮನುಷ್ಯನ ಕೈ ತಾಗದ ಕಾಡೊಂದು ಇನ್ನೂ ಸುಖವಾಗಿದೆಯೆಂಬ ಭ್ರಮೆಯನ್ನು ಈ ಚಿತ್ರಗಳು ಬೆಳೆಸಿದವು, ನಾಶವನ್ನು ಚೌಕಟ್ಟಿನ ಆಚೆಗಿಟ್ಟವು ಎಂಬುದು ಅವರ ವಾದ. ಎಚ್ಚರಿಕೆಯ ಮಾತನ್ನು ಪದೇಪದೇ ಹೇಳಿದರೆ ನೋಡುವವರು ಎದ್ದು ಹೋಗುತ್ತಾರೆ ಎಂಬುದು ಅಟೆನ್‌ಬರೊ ಅವರ ಅಭಿಪ್ರಾಯವಾಗಿತ್ತು. ಇದಕ್ಕೆ ಮೊದಲು 2011ರಲ್ಲಿ, ಹಿಮಕರಡಿ ಮರಿ ಹಾಕುವ ದೃಶ್ಯವನ್ನು ತೆಗೆದದ್ದು ಧ್ರುವದಲ್ಲಲ್ಲ, ಯೂರೋಪಿನ ಒಂದು ಮೃಗಾಲಯದಲ್ಲಿ ಎಂದು ತಿಳಿದಾಗಲೂ ಗದ್ದಲವಾಗಿತ್ತು. ಕಾಡಿನ ಗುಹೆಯಲ್ಲಿ ಕ್ಯಾಮೆರಾ ಇಟ್ಟರೆ ತಾಯಿ ಮರಿಯನ್ನು ಕೊಂದೀತು ಎಂಬುದು ಅವರ ಸಮಜಾಯಿಷಿ.

ವಾದದಲ್ಲಿ ಹುರುಳಿಲ್ಲವೆನ್ನಲಾರೆವು. ಆದರೆ ನಮ್ಮ ಕಡೆಯ ಲೆಕ್ಕವೂ ಅಷ್ಟು ಸರಳವಲ್ಲ. ನಮ್ಮ ಕಾಫಿ ನೆರಳಿನ ಕಾಫಿ. ತೋಟದಲ್ಲಿ ಉಳಿದ ಅತ್ತಿ, ಬಸರಿ, ಆಲಗಳ ಹಣ್ಣಿಗೆ ಹಾರ್ನ್‌ಬಿಲ್ ಹಕ್ಕಿಗಳು ಬರುತ್ತವೆ. ಹೂಮಳೆ ಬಿದ್ದ ಒಂಬತ್ತು ಹತ್ತು ದಿನಕ್ಕೆ ರೊಬಸ್ಟ ಅರಳಿದಾಗ, ಬೇರೆ ಗಿಡದ ಪರಾಗ ತಾಗದೆ ಅದು ಕಾಯಿ ಕಟ್ಟದು. ಜೇನು ಬಂದಷ್ಟೂ ಬೆಳೆಗಾರನಿಗೆ ಲಾಭ. ಕಾಡುಮರ ಕಡಿದು ಸಿಲ್ವರ್ ಓಕ್ ಒಂದನ್ನೇ ನೆಟ್ಟ ತೋಟಗಳಲ್ಲಿ ಹಕ್ಕಿಯೂ ಕಡಿಮೆ, ಹುಳುವೂ ಕಡಿಮೆ. ಕಾಡೆಲ್ಲಿ ಮುಗಿಯಿತು, ತೋಟವೆಲ್ಲಿ ಆರಂಭವಾಯಿತು ಎಂದು ಗೆರೆ ಎಳೆಯುವುದು ಮಲೆನಾಡಿನಲ್ಲಿ ಸರ್ವೆಯವರಿಗೇ ಕಷ್ಟ. ಕ್ಯಾಮೆರಾದವರಿಗೆ ಇನ್ನೂ ಕಷ್ಟ.

ಹವಾಮಾನದ ವಿಷಯದಲ್ಲಿ ಅವರು ತಡವಾಗಿ ಬಾಯಿ ತೆರೆದರು ಎಂಬುದೂ ನಿಜ. 2004ರವರೆಗೂ ತಮಗೆ ಸಂಶಯವಿತ್ತೆಂದು ಅವರೇ ಒಪ್ಪಿಕೊಂಡಿದ್ದಾರೆ. ಆ ವರ್ಷ ಬೆಲ್ಜಿಯಂನಲ್ಲಿ ಅಮೆರಿಕದ ವಿಜ್ಞಾನಿಯೊಬ್ಬರ ಉಪನ್ಯಾಸದಲ್ಲಿ ಅಂಕಿ ಅಂಶಗಳನ್ನು ಕಂಡ ಮೇಲೆ ಮನಸ್ಸು ಬದಲಾಯಿತು. ಒಮ್ಮೆ ಬದಲಾದ ಮೇಲೆ ಸುಮ್ಮನಿರಲಿಲ್ಲ. 2020ರ ‘ಎ ಲೈಫ್ ಆನ್ ಅವರ್ ಪ್ಲಾನೆಟ್’ ಚಿತ್ರದಲ್ಲಿ ತಮ್ಮ ಆಯುಷ್ಯವನ್ನೇ ಅಳತೆಗೋಲು ಮಾಡಿಕೊಂಡರು. 1937ರಲ್ಲಿ, ಅವರು ಹನ್ನೊಂದರ ಹುಡುಗನಾಗಿದ್ದಾಗ, ಲೋಕದ ಜನಸಂಖ್ಯೆ 230 ಕೋಟಿ. ಗಾಳಿಯಲ್ಲಿ ಇಂಗಾಲಾಮ್ಲ, ಆ ಚಿತ್ರ ಕೊಡುವ ಲೆಕ್ಕದಂತೆ, ಹತ್ತು ಲಕ್ಷಕ್ಕೆ 280 ಭಾಗ. ಉಳಿದಿದ್ದ ಕಾಡುಪ್ರದೇಶ ನೂರಕ್ಕೆ 66. 2020ರಲ್ಲಿ ಜನಸಂಖ್ಯೆ 780 ಕೋಟಿ, ಇಂಗಾಲಾಮ್ಲ 415 ಭಾಗ, ಕಾಡು ನೂರಕ್ಕೆ 35. ಒಬ್ಬ ಮನುಷ್ಯನ ಬಾಳಿನಲ್ಲಿ ಇಷ್ಟು. 2021ರ ನವೆಂಬರಿನಲ್ಲಿ, 95ನೆಯ ವಯಸ್ಸಿನಲ್ಲಿ, ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ದೇಶದೇಶಗಳ ನಾಯಕರ ಮುಂದೆ ನಿಂತು ಇದನ್ನೇ ಹೇಳಿದರು. ಕಾಲವಲ್ಲದ ಕಾಲದಲ್ಲಿ ಮಳೆ ಸುರಿದು ಕಣದಲ್ಲಿನ ಅಡಿಕೆ ಬೂಸ್ಟು ಹಿಡಿಯುವುದನ್ನು, ಹೂಮಳೆ ಕೈಕೊಟ್ಟು ಮೊಗ್ಗು ಕರಗುವುದನ್ನು ನೋಡುತ್ತಿರುವವರಿಗೆ ಈ ಅಂಕಿಗಳನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯ ಕಡೆಯ ಸಂಗತಿಯನ್ನೂ ಎರಡು ಮಾತಿನಲ್ಲಿ ಹೇಳಬೇಕು. 1950ರಲ್ಲಿ ಜೇನ್ ಅವರನ್ನು ಮದುವೆಯಾದರು. ಒಬ್ಬ ಮಗ, ಒಬ್ಬ ಮಗಳು. 1997ರಲ್ಲಿ ಹಕ್ಕಿಗಳ ಸರಣಿಗಾಗಿ ನ್ಯೂಜಿಲೆಂಡಿನಲ್ಲಿದ್ದಾಗ ಹೆಂಡತಿ ಮಿದುಳಿನ ರಕ್ತಸ್ರಾವದಿಂದ ಬಿದ್ದರೆಂಬ ಸುದ್ದಿ ಬಂತು. ಓಡಿ ಬಂದರೂ ಆಕೆ ಉಳಿಯಲಿಲ್ಲ. ವರ್ಷದ ಬಹುಭಾಗ ಪರದೇಶಗಳಲ್ಲೇ ಕಳೆದವರ ಮನೆಯನ್ನು 47 ವರ್ಷ ಹಿಡಿದು ನಡೆಸಿದ ಹೆಂಗಸಿನ ಹೆಸರು ಚಿತ್ರಗಳ ಕೊನೆಯ ಪಟ್ಟಿಯಲ್ಲಿ ಬರುವುದಿಲ್ಲ. ಜಗತ್ತೆಲ್ಲ ಸುತ್ತಿದ ಅಟೆನ್‌ಬರೊ ಕಾರು ಓಡಿಸುವುದನ್ನು ಮಾತ್ರ ಕಲಿಯಲೇ ಇಲ್ಲ.

ಬಿರುದು ಬಾವಲಿಗಳಿಗೆ ಲೆಕ್ಕವಿಲ್ಲ. 1985ರಲ್ಲಿ ಸರ್ ಪದವಿ. 2019ನೆಯ ಸಾಲಿನ ಇಂದಿರಾ ಗಾಂಧಿ ಶಾಂತಿ ಪ್ರಶಸ್ತಿ. ಎರಡನೆಯದನ್ನು ಕೊರೋನಾದ ಕಾಲವಾದ್ದರಿಂದ 2020ರ ಸೆಪ್ಟೆಂಬರಿನಲ್ಲಿ ಮನೆಯಲ್ಲೇ ಕುಳಿತು ಪಡೆದರು.

2025ರ ಮೇ 8ರಂದು, ಅವರಿಗೆ 99 ತುಂಬಿದ ದಿನ, ‘ಓಷನ್’ ಎಂಬ ಚಿತ್ರ ತೆರೆಕಂಡಿತು. ಸಮುದ್ರದ ತಳವನ್ನು ಭಾರಿ ಬಲೆಗಳು ಗುಡಿಸಿಕೊಂಡು ಹೋಗುವುದನ್ನು ಅದರಲ್ಲಿ ಬಿಚ್ಚಿ ತೋರಿಸಿದರು. ಬಲೆ ಹೋದ ದಾರಿಯಲ್ಲಿ ಹೂಳೆದ್ದು ನೀರೆಲ್ಲ ಕದಡುತ್ತದೆ. ಹಿಡಿದದ್ದರಲ್ಲಿ ಬೇಡವಾದದ್ದನ್ನು ಹಾಗೇ ಕಡಲಿಗೆ ಎಸೆಯುತ್ತಾರೆ. ಈ ಸಲ ಚೌಕಟ್ಟಿನ ಒಳಗೆ ಮೀನಿನ ಜೊತೆಗೆ ಜನರೂ ಇದ್ದಾರೆ. ದಡದಲ್ಲಿ ಸಣ್ಣ ದೋಣಿ ಇಟ್ಟುಕೊಂಡು ಬದುಕುವವರು, ದೊಡ್ಡ ಹಡಗುಗಳು ಬಂದುಹೋದ ಮೇಲೆ ಬರಿಗೈಯಲ್ಲಿ ಮರಳುವವರು, ತಮ್ಮ ಕಡಲಿನ ಮಾತನ್ನು ತಾವೇ ಆಡುತ್ತಾರೆ.